ರೇಡಿಯೋ ಸೆಟ್ ನಿಜಕ್ಕೂ ಎಷ್ಟು ಕರೆಂಟು ಎಳೆಯುತ್ತದೆ? ಕ್ಲಾಂಪ್ ಮೀಟರ್ ಒಂದು ಹೇಳುತ್ತದೆ, ಮನೆ ಮೀಟರ್ ಇನ್ನೊಂದು

ಪೆರ್ಲ_40ಮೀಟರ್

ಎಲ್ಲರಿಗೂ ನಮಸ್ಕಾರ. ಮೇಜಿನ ಮೇಲೆ ಇರುವುದು ನನ್ನ ಹ್ಯಾಮ್ ರೇಡಿಯೋದ ಎಚ್‌ಎಫ್ (ಶಾರ್ಟ್‌ವೇವ್) ಸೆಟ್ ಐಕಾಮ್ ಐಸಿ-7300, ಅದಕ್ಕೆ 30 ಆಂಪಿಯರ್‌ನ ಎಸ್‌ಎಂಪಿಎಸ್ (ಮನೆಯ ಎಸಿಯನ್ನು 13.8 ವೋಲ್ಟ್ ಡಿಸಿ ಮಾಡುವ ಸಪ್ಲೈ), 145 ಮೆಗಾಹರ್ಟ್ಸ್‌ನ 50 ವಾಟ್ ಎಫ್‌ಎಂ ಸೆಟ್ ಒಂದು, ಲ್ಯಾಪ್‌ಟಾಪ್ ಒಂದು. ಆಂಟೆನಾ ತೋಟದಲ್ಲಿ ಅಡಿಕೆ ಮರಗಳ ಮೇಲೆ ಎಳೆದ ಎಂಡ್‌ಫೆಡ್, ಅಂದರೆ ಒಂದು ತುದಿಯಿಂದ ಪವರ್ ಕೊಡುವ ಉದ್ದ ತಂತಿ.

ಎರಡು ಲೆಕ್ಕ ಬೇಕಾಗಿದೆ. ಕೆಎಸ್‌ಇಬಿಯ (ಕೇರಳ ವಿದ್ಯುತ್ ಮಂಡಳಿ) ಎರಡು ತಿಂಗಳ ಬಿಲ್ಲಿನಲ್ಲಿ ಇದರ ಪಾಲು ಎಷ್ಟು ಯೂನಿಟ್ ಎಂಬುದು ಒಂದು. ಮಳೆಗಾಲದಲ್ಲಿ ಲೈನಿನ ಮೇಲೆ ಮರ ಬಿದ್ದು ಎರಡು ದಿನ ಕರೆಂಟು ಇಲ್ಲದಿದ್ದರೆ ಸೆಟ್ ನಡೆಸಲು ಎಷ್ಟು ಆಂಪಿಯರ್-ಅವರ್‌ನ ಬ್ಯಾಟರಿ ಬೇಕು ಎಂಬುದು ಇನ್ನೊಂದು.

ಈಗಿನ ಗೊಂದಲ ಇದು. ಎಚ್‌ಎಫ್ ಸೆಟ್ ಮಾತ್ರ ಆನ್ ಮಾಡಿ, ಬರೀ ಕೇಳುತ್ತಾ ಇರುವಾಗ ಎಸಿ ಬದಿಯಲ್ಲಿ ಕ್ಲಾಂಪ್ ಮೀಟರ್ (ವಯರಿನ ಸುತ್ತ ಕಚ್ಚಿಸಿ ಕರೆಂಟು ಅಳೆಯುವುದು) 0.21 ಆಂಪಿಯರ್ ತೋರಿಸುತ್ತದೆ. 230ರಿಂದ ಗುಣಿಸಿದರೆ 48 ವಾಟ್. ಆದರೆ ಮನೆಯ ಬೇರೆಲ್ಲ ಬಂದ್ ಮಾಡಿ ಮನೆ ಮೀಟರಿನ ಕೆಂಪು ಎಲ್‌ಇಡಿ ನೋಡಿದರೆ 10 ಮಿನುಗಿಗೆ 7 ನಿಮಿಷ 50 ಸೆಕೆಂಡು. ಮೀಟರಿನ ಮೇಲೆ ಒಂದು ಯೂನಿಟ್‌ಗೆ 3200 ಮಿನುಗು ಎಂದು ಬರೆದುಂಟು. ಆ ಲೆಕ್ಕದಲ್ಲಿ ಅರ್ಧವೇ ಬರುತ್ತದೆ. ಯಾವುದನ್ನು ನಂಬುವುದು? ಪ್ಲಗ್ಗಿಗೆ ಸಿಕ್ಕಿಸುವ ವಾಟ್ ಮೀಟರ್ ಕೂಡ ಉಂಟು. ಮೈಕ್ ಒತ್ತಿದ ಕೂಡಲೇ ಅದರ ಅಂಕಿಗಳು ಎಲ್ಲೆಲ್ಲಿಗೋ ಹಾರುತ್ತವೆ.

ನೀರ್ಚಾಲು_ವಯರಿಂಗ್

ಎರಡೂ ಮೀಟರ್ ಸುಳ್ಳು ಹೇಳುತ್ತಿಲ್ಲ. ಅಳೆಯುವ ವಸ್ತುವೇ ಬೇರೆ. 0.21 ಗುಣಿಸು 230 ಅಂದರೆ 48 ವೋಲ್ಟ್-ಆಂಪಿಯರ್, ಅದು ವಾಟ್ ಅಲ್ಲ. ಎಸ್‌ಎಂಪಿಎಸ್ ಒಳಗೆ ಮೊದಲು ಬ್ರಿಜ್ ರೆಕ್ಟಿಫೈಯರ್, ಅದರ ಬೆನ್ನಿಗೆ ದೊಡ್ಡ ಕೆಪಾಸಿಟರ್. ಎಸಿ ಅಲೆ ತನ್ನ ತುದಿಗೆ ಏರಿದ ಹೊತ್ತಿಗೆ ಮಾತ್ರ ಆ ಕೆಪಾಸಿಟರ್ ತುಂಬಿಕೊಳ್ಳುತ್ತದೆ, ಉಳಿದ ಹೊತ್ತು ಲೈನಿನಿಂದ ಏನೂ ಎಳೆಯುವುದಿಲ್ಲ. ಹಾಗಾಗಿ ಕರೆಂಟು ಚೂಪು ಚೂಪು ಏಟುಗಳಾಗಿ ಹರಿಯುತ್ತದೆ, ಪವರ್ ಫ್ಯಾಕ್ಟರ್, ಅಂದರೆ ವೋಲ್ಟ್-ಆಂಪಿಯರಿನಲ್ಲಿ ನಿಜವಾದ ವಾಟಿನ ಪಾಲು, 0.5ರಿಂದ 0.65ರ ನಡುವೆ ಕೂರುತ್ತದೆ. ಪವರ್ ಫ್ಯಾಕ್ಟರ್ ತಿದ್ದುವ ಸರ್ಕ್ಯೂಟ್ ಇರುವ ಎಸ್‌ಎಂಪಿಎಸ್‌ನ ಮಾತು ಬೇರೆ. ಇನ್ನೊಂದು ವಿಷಯ, ಕ್ಲಾಂಪ್ ಮೀಟರ್ ಟ್ರೂ ಆರ್‌ಎಂಎಸ್ (ಅಲೆಯ ಆಕಾರ ಹೇಗಿದ್ದರೂ ಸರಿಯಾಗಿ ಅಳೆಯುವುದು) ಅಲ್ಲದಿದ್ದರೆ ಇಂಥ ಚೂಪು ಕರೆಂಟನ್ನು ಕಡಿಮೆ ತೋರಿಸುತ್ತದೆ. ಆಗ ಆಂಪಿಯರ್ ಅಂಕಿಯೂ ನಂಬಿಕೆಗೆ ಯೋಗ್ಯ ಅಲ್ಲ.

ಮನೆ ಮೀಟರ್ ಅಳೆಯುವುದು ನಿಜವಾದ ವಾಟ್. ಬಿಲ್ಲು ಬರುವುದೂ ಅದಕ್ಕೆ. 3200ರ ಮೀಟರಿಗೆ ಸೂತ್ರ ಸುಲಭ: 1125ನ್ನು ಮಿನುಗಿನ ಸಂಖ್ಯೆಯಿಂದ ಗುಣಿಸಿ, ಸೆಕೆಂಡಿನಿಂದ ಭಾಗಿಸಿ. ನಿಮ್ಮದು 11250 ಭಾಗಿಸು 470, ಅಂದರೆ 24 ವಾಟ್. ಮೀಟರಿನಲ್ಲಿ 1600 ಎಂದು ಬರೆದಿದ್ದರೆ 1125ರ ಬದಲು 2250 ಹಿಡಿಯಬೇಕು. ಎಣಿಸುವಾಗ ಸ್ಟಾಪ್‌ವಾಚ್ ಒತ್ತುವ ಮಿನುಗು ಸೊನ್ನೆ, ಅದರ ಮುಂದಿನದ್ದು ಒಂದು. ಒತ್ತಿದ ಮಿನುಗನ್ನೇ ಒಂದು ಎಂದು ಎಣಿಸಿದರೆ ಹತ್ತರಲ್ಲಿ ಒಂದು ಪಾಲು ತಪ್ಪು ಬರುತ್ತದೆ.

ಮನೆಯ "ಬೇರೆಲ್ಲ ಬಂದ್" ಎಂಬುದನ್ನು ಇನ್ನೊಮ್ಮೆ ನೋಡಿ. ಇಂಟರ್ನೆಟ್ಟಿನ ಫೈಬರ್ ಡಬ್ಬಿ, ಟಿವಿಯ ಸೆಟ್‌ಟಾಪ್ ಬಾಕ್ಸ್, ಕರೆಂಟು ಹೋದಾಗ ಉರಿಯುವ ಎಮರ್ಜೆನ್ಸಿ ಲೈಟಿನ ಚಾರ್ಜಿಂಗ್, ಎಲ್ಲಕ್ಕಿಂತ ಮುಖ್ಯವಾಗಿ ಮನೆಯ ಇನ್ವರ್ಟರ್. ಬ್ಯಾಟರಿ ತುಂಬಿದ ಮೇಲೂ ಇನ್ವರ್ಟರ್ ಎಳೆಯುತ್ತಲೇ ಇರುತ್ತದೆ. ಅದನ್ನು ಬೈಪಾಸಿಗೆ ಹಾಕಿ ಪ್ಲಗ್ ತೆಗೆಯಿರಿ. ಸೆಟ್ಟೂ ಎಸ್‌ಎಂಪಿಎಸ್ಸೂ ಇಲ್ಲದೆ ಎಲ್‌ಇಡಿ 15 ನಿಮಿಷ ಮಿನುಗದಿದ್ದರೆ ಉಳಿದ ಲೋಡು 1.25 ವಾಟಿಗಿಂತ ಕೆಳಗೆ ಎಂದು ಲೆಕ್ಕ.

ಅದು ಆದ ಮೇಲೆ ಸೆಟ್ ಆಫ್, ಎಸ್‌ಎಂಪಿಎಸ್ ಮಾತ್ರ ಆನ್ ಇಟ್ಟು ಇದೇ ಎಣಿಕೆ ಮಾಡಿ. ಹೆಚ್ಚಿನವರು ಇದನ್ನೇ ಬಿಡುವುದು, ಬಿಲ್ಲಿನ ಗುಟ್ಟು ಅಲ್ಲೇ ಇರುವುದು.

ಎಸಿ ಬದಿಯಲ್ಲಿ ಕಾಯಂ ಅಳತೆ ಬೇಕಾದರೆ ಪಿಝೆಮ್-004ಟಿ (PZEM-004T) ಎಂಬ ಸಣ್ಣ ಬೋರ್ಡು ಸಾಕು. 80ರಿಂದ 260 ವೋಲ್ಟ್ ತನಕ ನಡೆಯುತ್ತದೆ. ವಾಟ್, ಯೂನಿಟ್, ಪವರ್ ಫ್ಯಾಕ್ಟರ್ ಮೂರೂ ಕೊಡುತ್ತದೆ, ಮೂರನೇ ಆವೃತ್ತಿಯದ್ದು 0.4 ವಾಟಿನಿಂದ ಎಣಿಸಲು ಶುರು ಮಾಡುತ್ತದೆ. ಬೋರ್ಡಿನ ಒಂದು ತುದಿಯಲ್ಲಿ 230 ವೋಲ್ಟ್ ತೆರೆದು ಕೂತಿರುತ್ತದೆ. ಪ್ಲಾಸ್ಟಿಕ್ ಡಬ್ಬಿಯೊಳಗೆ ಹಾಕದೆ ಪ್ಲಗ್ ಸಿಕ್ಕಿಸಬೇಡಿ. ಸಿಟಿ ಕಾಯಿಲ್ (ವಯರ್ ತೂರಿಸಿ ಕರೆಂಟು ಅಳೆಯುವ ಬಳೆ) ಇರುವ ಮಾದರಿಯಾದರೆ ಫೇಸ್ ವಯರ್ ಒಂದನ್ನೇ ಅದರೊಳಗೆ ತೂರಿಸಬೇಕು. ಫೇಸ್, ನ್ಯೂಟ್ರಲ್ ಎರಡೂ ಒಟ್ಟಿಗೆ ಹೋದರೆ ಸೊನ್ನೆ ತೋರಿಸುತ್ತದೆ.

ನಮ್ಮ ಕಡೆಯ ಒಂದು ವಿಷಯ. ಫೆಬ್ರವರಿಯಿಂದ ಮಳೆ ಹಿಡಿಯುವ ತನಕ ಎಲ್ಲ ತೋಟದ ಪಂಪುಗಳೂ ಒಟ್ಟಿಗೆ ಓಡುವ ಹೊತ್ತಿಗೆ ಲೈನಿನ ಕೊನೆಯ ಮನೆಗಳಲ್ಲಿ ವೋಲ್ಟೇಜ್ 190ಕ್ಕೆ ಇಳಿಯುವುದುಂಟು. ಎಸ್‌ಎಂಪಿಎಸ್ ವಾಟನ್ನು ಹಾಗೇ ಉಳಿಸಿಕೊಂಡು ಆಂಪಿಯರ್ ಹೆಚ್ಚಿಸಿಕೊಳ್ಳುತ್ತದೆ. ಹಾಗಾಗಿ ಆಂಪಿಯರ್ ಬೆಳಿಗ್ಗೆ ಒಂದು, ರಾತ್ರಿ ಒಂದು ಬಂದರೆ ಮೀಟರ್ ಕೆಟ್ಟಿದೆ ಎಂದುಕೊಳ್ಳಬೇಡಿ. ಹಳೆಯ ಟ್ರಾನ್ಸ್‌ಫಾರ್ಮರ್ ಮಾದರಿಯ ಸಪ್ಲೈ ಇರುವವರಿಗೆ ಮಾತ್ರ ತೊಂದರೆ ಬೇರೆ: ಲೈನು ಕುಸಿದರೆ ಲೋಡಿನಲ್ಲಿ 13.8 ನಿಲ್ಲುವುದಿಲ್ಲ, ಆಡಿಯೋದಲ್ಲಿ ಹಮ್ ಬರುತ್ತದೆ.

ಬೆಸುಗೆ_ಬೇಳ

ಎಸಿ ಬದಿ ಮೇಲಿನವರು ಹೇಳಿದ್ದು ಬಿಲ್ಲಿಗೆ ಸಾಕು. ಬ್ಯಾಟರಿ ಲೆಕ್ಕಕ್ಕೆ ಅದು ಪ್ರಯೋಜನ ಇಲ್ಲ, ಎಸ್‌ಎಂಪಿಎಸ್‌ನ ನಷ್ಟವೂ ಅದರಲ್ಲಿ ಸೇರಿರುತ್ತದಲ್ಲ. ಡಿಸಿ ಬದಿಯಲ್ಲೇ ಅಳೆಯಬೇಕು.

ಸಾದಾ ಮಲ್ಟಿಮೀಟರನ್ನು ಸೀರೀಸಿನಲ್ಲಿ ಹಾಕುವ ಯೋಚನೆ ಬೇಡ. ಅದರ 10 ಆಂಪಿಯರ್ ತೂತು ಹತ್ತು ಹದಿನೈದು ಸೆಕೆಂಡಿಗೆ ಮಾತ್ರ. 7300 ಪೂರ್ತಿ ಪವರಿನಲ್ಲಿ 21 ಆಂಪಿಯರ್ ಎಳೆಯುತ್ತದೆ. ಫ್ಯೂಸ್ ಹೋದರೆ ಪುಣ್ಯ, ಅಗ್ಗದ ಮೀಟರಿನಲ್ಲಿ ಆ ತೂತಿಗೆ ಫ್ಯೂಸೇ ಇರುವುದಿಲ್ಲ.

ಸುಲಭ ದಾರಿ ಡಿಸಿ ಅಳೆಯುವ ಕ್ಲಾಂಪ್ ಮೀಟರ್. ಎಸಿ ಮಾತ್ರ ಅಳೆಯುವುದು ಇದಕ್ಕೆ ಆಗುವುದಿಲ್ಲ, ಕಾಂತಕ್ಷೇತ್ರ ಅಳೆಯುವ ಹಾಲ್ ಸೆನ್ಸರ್ ಇರುವುದೇ ಬೇಕು, ಯುನಿ-ಟಿ (UNI-T) ಯುಟಿ210ಇ ತರಹದ್ದು. ಕೆಂಪು ವಯರ್ ಒಂದಕ್ಕೇ ಹಾಕಿ. ಹಾಕುವ ಮೊದಲು, ಅಳೆಯುವಾಗ ಹಿಡಿಯುವ ದಿಕ್ಕಿನಲ್ಲೇ ಮೀಟರ್ ಹಿಡಿದು ಝೀರೋ ಒತ್ತಿ. ಭೂಮಿಯ ಕಾಂತಕ್ಕೂ ಹತ್ತಿರದ ಸ್ಪೀಕರಿನ ಕಾಂತಕ್ಕೂ ಈ ಸೆನ್ಸರ್ ಸ್ಪಂದಿಸುತ್ತದೆ. ದಿಕ್ಕು ತಿರುಗಿಸಿದರೆ ಕೆಲವು ಮಿಲಿಆಂಪಿಯರ್ ಹಾಗೇ ಬದಲಾಗುತ್ತದೆ. ಆಫ್ ಮಾಡಿದ ಸೆಟ್ ಎಷ್ಟು ಕದಿಯುತ್ತದೆ ಎಂದು ನೋಡಬೇಕಾದರೆ ಸೆಟ್ಟಿಗೆ ಹೋಗುವ ಕೆಂಪು ದಾರಿಯಲ್ಲಿ ಒಂದು ಮೀಟರ್ ಉದ್ದದ ತೆಳು ವಯರ್ ಸೇರಿಸಿ, ಅದನ್ನು ಕ್ಲಾಂಪಿನ ದವಡೆಯ ಸುತ್ತ 10 ಸುತ್ತು ಹಾಕಿ, ಬಂದದ್ದನ್ನು 10ರಿಂದ ಭಾಗಿಸಿ. ಆ ವಯರಿನಲ್ಲಿ ಟ್ರಾನ್ಸ್‌ಮಿಟ್ ಮಾಡಬಾರದು.

ಆದರೆ ಎಚ್‌ಎಫ್‌ನಲ್ಲಿ ಮಾತಿಗೆ ಬಳಸುವ ಎಸ್‌ಎಸ್‌ಬಿ ಮೋಡಿನಲ್ಲಿ ಕರೆಂಟು ಅಕ್ಷರ ಅಕ್ಷರಕ್ಕೆ ಏರಿ ಇಳಿಯುತ್ತದೆ, ಕ್ಲಾಂಪ್ ಮೀಟರಿನ ಅಂಕಿ ಅದರ ಹಿಂದೆ ಓಡಲಾರದು. ಬೇಕಾದ್ದು ಕೂಡಿಸುತ್ತಾ ಹೋಗುವ ಮೀಟರ್. ಶಂಟ್ (ಕರೆಂಟಿನ ದಾರಿಯಲ್ಲಿ ಕೂರುವ ತೀರಾ ಸಣ್ಣ ರೋಧ) ಮತ್ತು ಅದರ ಮೇಲೆ ಬೀಳುವ ವೋಲ್ಟೇಜ್ ಓದುವ ಐಎನ್‌ಎ226 ಚಿಪ್ಪಿನಿಂದ ಮಾಡಿಕೊಳ್ಳಬಹುದು. ಭಾಗಗಳು: 50 ಆಂಪಿಯರಿಗೆ 75 ಮಿಲಿವೋಲ್ಟ್ ಕೊಡುವ ಶಂಟ್ ಒಂದು, ಐಎನ್‌ಎ226 ಬೋರ್ಡು, ಅಳತೆ ಕೂಡಿಸಲು ಆರ್ಡುಯಿನೊ ನ್ಯಾನೊ ಎಂಬ ಸಣ್ಣ ಕಂಪ್ಯೂಟರ್ ಬೋರ್ಡು, 10 ಓಮ್ ರೆಸಿಸ್ಟರ್ ಎರಡು, 0.1 ಮೈಕ್ರೋಫ್ಯಾರಡ್ ಕೆಪಾಸಿಟರ್ ಒಂದು, ಅರ್ಧ ಆಂಪಿಯರ್ ಫ್ಯೂಸ್ ಎರಡು.

ಶಂಟಿನ ರೋಧ 1.5 ಮಿಲಿಓಮ್. 21 ಆಂಪಿಯರಿಗೆ ಬೀಳುವ ವೋಲ್ಟೇಜು 32 ಮಿಲಿವೋಲ್ಟ್, ಸೆಟ್ಟಿಗೆ ಗೊತ್ತೇ ಆಗುವುದಿಲ್ಲ. ಅದರಲ್ಲಿ ಎರಡು ದೊಡ್ಡ ಬೋಲ್ಟು, ಎರಡು ಸಣ್ಣ ಸ್ಕ್ರೂ ಇರುತ್ತವೆ. ದಪ್ಪ ವಯರ್ ದೊಡ್ಡದಕ್ಕೆ, ಅಳೆಯುವ ಸಣ್ಣ ವಯರ್ ಸಣ್ಣದಕ್ಕೆ. ಸಣ್ಣ ವಯರನ್ನೂ ದೊಡ್ಡ ಬೋಲ್ಟಿಗೇ ಕಚ್ಚಿಸಿದರೆ ಜಾಯಿಂಟಿನ ರೋಧವೂ ಲೆಕ್ಕಕ್ಕೆ ಸೇರಿ ಆಂಪಿಯರ್ ಹೆಚ್ಚು ತೋರಿಸುತ್ತದೆ. ಬೋಲ್ಟು ಸಡಿಲಾದಷ್ಟೂ ತಪ್ಪು ಬೆಳೆಯುತ್ತದೆ.

ಅಂಗಡಿಯಲ್ಲಿ ಸಿಗುವ ಹೆಚ್ಚಿನ ಐಎನ್‌ಎ226 ಬೋರ್ಡುಗಳ ಮೇಲೆ 0.1 ಓಮಿನ ಒಂದು ರೆಸಿಸ್ಟರ್ ಮೊದಲೇ ಕೂತಿರುತ್ತದೆ, ಬೆನ್ನ ಮೇಲೆ ಆರ್100 ಎಂದು ಬರೆದಿರುತ್ತದೆ. ಚಿಪ್ಪಿನ ಮಿತಿ 81.92 ಮಿಲಿವೋಲ್ಟ್, ಹಾಗಾಗಿ ಅದರಲ್ಲಿ 0.8 ಆಂಪಿಯರ್ ಮಾತ್ರ ಅಳೆಯಬಹುದು. ಅದನ್ನು ಬೆಸುಗೆ ಬಿಡಿಸಿ ತೆಗೆದು ಹೊರಗಿನ ಶಂಟ್ ಕೊಡಿ, ಆಗ ಮಿತಿ 54 ಆಂಪಿಯರ್. ಕರೆಂಟಿನ ಹೆಜ್ಜೆ 2 ಮಿಲಿಆಂಪಿಯರ್ ಎಂದು ಹಿಡಿದರೆ ಕ್ಯಾಲಿಬ್ರೇಶನ್ ರಿಜಿಸ್ಟರಿಗೆ 1707 ಬರೆಯಬೇಕು. ಸರಾಸರಿ 64 ಸ್ಯಾಂಪಲ್ ಇಡಿ. 1.1 ಮಿಲಿಸೆಕೆಂಡಿನ ಕನ್ವರ್ಶನ್‌ನಲ್ಲಿ ಸೆಕೆಂಡಿಗೆ ಸುಮಾರು ಏಳು ಅಳತೆ ಸಿಗುತ್ತವೆ. ಕೂಡಿಸುವಾಗ ಎರಡು ಅಳತೆಗಳ ನಡುವಿನ ನಿಜವಾದ ಮಿಲಿಸೆಕೆಂಡನ್ನೇ ತೆಗೆದುಕೊಳ್ಳಬೇಕು.

ಈಗ ಎಲ್ಲಕ್ಕಿಂತ ಮುಖ್ಯ ಮಾತು. ಶಂಟನ್ನು ಕೆಂಪು ವಯರಿನಲ್ಲಿ ಹಾಕಿ. ಕಪ್ಪು ವಯರಿನಲ್ಲಿ ಹಾಕಿದರೆ ಅಳತೆ ಯಾವಾಗಲೂ ಕಡಿಮೆ ಬರುತ್ತದೆ. ಕಾರಣ, ಸೆಟ್ಟಿನ ಬಾಡಿಯೇ ಡಿಸಿ ನೆಗೆಟಿವ್. ಆಂಟೆನಾಕ್ಕೆ ಹೋಗುವ ಕೋಆಕ್ಸ್ ಕೇಬಲಿನ ಹೊರ ಜಾಲರಿ, ಲ್ಯಾಪ್‌ಟಾಪಿಗೆ ಹೋಗುವ ಯುಎಸ್‌ಬಿ ಕೇಬಲ್, ಸೆಟ್ಟಿಗೆ ಕೊಟ್ಟ ಅರ್ತ್ ವಯರ್, ಇವೆಲ್ಲವೂ ಎಸ್‌ಎಂಪಿಎಸ್‌ನ ಬಾಡಿಗೆ ಮರಳುವ ಅಡ್ಡದಾರಿಗಳು. ಕರೆಂಟಿನ ಒಂದು ಪಾಲು ಶಂಟ್ ತಪ್ಪಿಸಿ ಅಲ್ಲಿಂದ ಹೋಗುತ್ತದೆ. ಕಪ್ಪು ವಯರ್ ಸಡಿಲವಾದರಂತೂ ಪೂರ್ತಿ 20 ಆಂಪಿಯರ್ ಯುಎಸ್‌ಬಿಯ ಕೂದಲೆಳೆ ಗ್ರೌಂಡಿನಲ್ಲಿ ಹೋಗಲು ನೋಡುತ್ತದೆ, ಕೇಬಲ್ ಕರಗುತ್ತದೆ, ಲ್ಯಾಪ್‌ಟಾಪ್ ಪೋರ್ಟೂ ಹೋಗುತ್ತದೆ. ಐಎನ್‌ಎ226 36 ವೋಲ್ಟ್ ತನಕ ಪಾಸಿಟಿವ್ ಬದಿಯಲ್ಲೇ ಅಳೆಯುತ್ತದೆ, ಆದ್ದರಿಂದ ಕಪ್ಪಿಗೆ ಹಾಕುವ ಅಗತ್ಯವೇ ಇಲ್ಲ. ಅಳೆಯುವ ಸಣ್ಣ ವಯರುಗಳು ಬ್ಯಾಟರಿಯ ಪಾಸಿಟಿವಿನಲ್ಲೇ ಇರುವುದರಿಂದ ಎರಡಕ್ಕೂ ಶಂಟಿನ ಹತ್ತಿರವೇ ಆ ಅರ್ಧ ಆಂಪಿಯರ್ ಫ್ಯೂಸ್ ಹಾಕಿ. ಮೊದಲು ಫ್ಯೂಸ್, ಆಮೇಲೆ 10 ಓಮ್, ಚಿಪ್ಪಿನ ಕಾಲಿನಲ್ಲೇ ಎರಡರ ನಡುವೆ ಕೆಪಾಸಿಟರ್.

ವೋಲ್ಟೇಜ್ ಅಳೆಯುವ ಕಾಲನ್ನು ಶಂಟಿನ ಸೆಟ್ ಬದಿಗೆ ಕೊಡಿ. ಎಸ್‌ಎಂಪಿಎಸ್ ಮುಖದಲ್ಲಿ 13.8 ಇದ್ದರೂ 4 ಚದರ ಮಿಲಿಮೀಟರ್ ವಯರಿನಲ್ಲಿ ಎರಡು ಮೀಟರ್ ದೂರ ಹೋಗಿ ಬರುವಾಗ 21 ಆಂಪಿಯರಿಗೆ 0.4 ವೋಲ್ಟ್ ಬಿದ್ದಿರುತ್ತದೆ.

ಪೆರ್ಲ_40ಮೀಟರ್

ಇಬ್ಬರಿಗೂ ತುಂಬಾ ಧನ್ಯವಾದ. ಎಸ್‌ಎಂಪಿಎಸ್ ಮಾತ್ರ ಇಟ್ಟು ಎಣಿಸಿದೆ: 10 ಮಿನುಗಿಗೆ 20 ನಿಮಿಷ 50 ಸೆಕೆಂಡು, ಅಂದರೆ 9 ವಾಟ್. ಡಿಸಿ ಕ್ಲಾಂಪಿನಲ್ಲಿ ಕೇಳುವಾಗ ಸುಮಾರು 1.1 ಆಂಪಿಯರ್.

ಇನ್ನು ಎರಡು ಸಂಶಯ. ಪವರನ್ನು 100ರಿಂದ 10 ವಾಟಿಗೆ ಇಳಿಸಿದರೆ ಬ್ಯಾಟರಿ ಹತ್ತು ಪಟ್ಟು ಹೆಚ್ಚು ಹೊತ್ತು ಬರಬೇಕಲ್ಲ? ಮತ್ತೆ ಆ ಪ್ಲಗ್ ಮೀಟರಿನ ಹಾರಾಟಕ್ಕೆ ಎಂತ ಮಾಡುವುದು?

ಮುಳ್ಳೇರಿಯ_ಡಿಎಕ್ಸ್

ಹತ್ತು ಪಟ್ಟು ಬರುವುದಿಲ್ಲ ಅಣ್ಣ. ಪವರ್ ಕೊಡುವ ಕೊನೆಯ (ಫೈನಲ್) ಟ್ರಾನ್ಸಿಸ್ಟರುಗಳು ಎಬಿ ಕ್ಲಾಸ್ ಎಂಬ ವಿಧಾನದಲ್ಲಿ ಕೆಲಸ ಮಾಡುತ್ತವೆ. ಅದರಲ್ಲಿ ಕರೆಂಟು ಹೊರಗೆ ಹೋಗುವ ಪವರಿನ ವರ್ಗಮೂಲಕ್ಕೆ ಸರಿಯಾಗಿ ಇಳಿಯುತ್ತದೆ. ಪವರ್ ಕಾಲು ಭಾಗವಾದರೆ ಕರೆಂಟು ಅರ್ಧ. ಹತ್ತನೇ ಒಂದಾದರೆ ಕರೆಂಟು ಮೂರನೇ ಒಂದರ ಹತ್ತಿರ. ಅದರ ಮೇಲೆ ಬಯಾಸ್, ಡಿಸ್‌ಪ್ಲೇ, ಫ್ಯಾನ್ ಇವು ಪವರ್ ಎಷ್ಟಿದ್ದರೂ ಅಷ್ಟೇ. ಹಾಗಾಗಿ 10 ವಾಟಿಗೂ 7 ಆಂಪಿಯರ್ ಆಸುಪಾಸು ಕಂಡರೆ ಸೆಟ್ ಕೆಟ್ಟಿದೆ ಎಂದಲ್ಲ. ಒಂದು ಪಟ್ಟಿ ಮಾಡಿ ಗೋಡೆಗೆ ಅಂಟಿಸಿ: 100, 50, 25, 10, 5. ಪ್ರತಿಯೊಂದರಲ್ಲೂ ಡಮ್ಮಿ ಲೋಡಿಗೆ (ಆಂಟೆನಾದ ಬದಲು ಪವರ್ ನುಂಗುವ 50 ಓಮ್ ರೆಸಿಸ್ಟರ್), ಬಿಡದೆ ಪೂರ್ತಿ ಪವರ್ ಕೊಡುವ ಆರ್‌ಟಿಟಿವೈ (ಟೆಲಿಟೈಪ್) ಮೋಡಿನಲ್ಲಿ, ಹತ್ತು ಸೆಕೆಂಡು ಮಾತ್ರ ಕೀ ಒತ್ತಿ ಆಂಪಿಯರನ್ನೂ ವೋಲ್ಟನ್ನೂ ಬರೆದುಕೊಳ್ಳಿ. ನಡುವೆ ಒಂದು ನಿಮಿಷ ಬಿಡಿ, ಸಣ್ಣ ಡಮ್ಮಿ ಲೋಡ್ ಬಿಸಿಯಾದರೆ 50 ಓಮಿನಿಂದ ಸರಿದು ಎಸ್‌ಡಬ್ಲ್ಯುಆರ್ (ಲೋಡು ಸೆಟ್ಟಿಗೆ ಎಷ್ಟು ಹೊಂದುತ್ತದೆ ಎಂಬ ಅಳತೆ) ಬದಲಾಗುತ್ತದೆ, ಪಟ್ಟಿ ಕೆಡುತ್ತದೆ.

ಮೋಡಿನ ಮೇಲೂ ಲೆಕ್ಕ ಪೂರ್ತಿ ಬದಲಾಗುತ್ತದೆ. ಎಫ್‌ಎಂನಲ್ಲಿ ಮೈಕ್ ಒತ್ತಿದಷ್ಟು ಹೊತ್ತೂ ಪೂರ್ತಿ ಕರೆಂಟು, ಮಾತಾಡಿದರೂ ಆಡದಿದ್ದರೂ. ಎಸ್‌ಎಸ್‌ಬಿಯಲ್ಲಿ ಮಾತಿನ ನಡುವೆ ಬೀಳುವ ಬಿಡುವು ಲಾಭ. ಆದರೆ ಸ್ಪೀಚ್ ಕಂಪ್ರೆಸರ್ ಹಾಕಿದರೆ ಸರಾಸರಿ ಕಣ್ಣಿಗೆ ಕಾಣುವಷ್ಟು ಏರುತ್ತದೆ. ಬ್ಯಾಟರಿಯಲ್ಲಿ ನಡೆಸುವಾಗ ಅದನ್ನು ಯೋಚಿಸಿ ಹಾಕಿ. ಕಂಪ್ಯೂಟರಿನಿಂದ ಕಳಿಸುವ ಎಫ್‌ಟಿ8 ಎಂಬ ಡಿಜಿಟಲ್ ಮೋಡಿನ ಲೆಕ್ಕ ಕರಾರುವಾಕ್ಕು: 15 ಸೆಕೆಂಡಿನ ಸ್ಲಾಟಿನಲ್ಲಿ 12.64 ಸೆಕೆಂಡು ಪ್ರಸಾರ, ಒಂದು ಬಿಟ್ಟು ಒಂದು ಸ್ಲಾಟ್, ಅಂದರೆ 100ರಲ್ಲಿ 42 ಪಾಲು ಹೊತ್ತು ಕೀ ಒತ್ತಿದ ಹಾಗೆ. 20 ಆಂಪಿಯರಿನಲ್ಲಿ ಒಂದು ಗಂಟೆ ಬಿಡದೆ ಕರೆದರೆ 9 ಆಂಪಿಯರ್-ಅವರ್ ಖಾಲಿ. ಅದೇ ಒಂದು ಗಂಟೆ ಬರೀ ಕೇಳಿದರೆ ನಿಮ್ಮ ಸೆಟ್ಟಿಗೆ 1.1. ಎಫ್‌ಟಿ8ರಲ್ಲಿ 25 ವಾಟಿಗೆ ಇಳಿಸಿದರೆ ಸಿಗ್ನಲ್ ಇಳಿಯುವುದು 6 ಡಿಬಿ ಮಾತ್ರ, ಬ್ಯಾಟರಿ ಎರಡು ಪಟ್ಟಿನ ಹತ್ತಿರ ಬರುತ್ತದೆ. ಕರೆಂಟು ಇಲ್ಲದ ದಿನ 100 ವಾಟಿನಲ್ಲಿ ಎಫ್‌ಟಿ8 ನಡೆಸುವುದು ನನ್ನ ಪ್ರಕಾರ ಬ್ಯಾಟರಿಗೆ ಮಾಡುವ ಅನ್ಯಾಯ.

ಪ್ಲಗ್ ಮೀಟರಿನ ವಿಷಯ. ಅದು ಆರ್‌ಎಫ್ (ಪ್ರಸಾರದ ರೇಡಿಯೋ ಅಲೆ) ಮೀಟರಿನ ಒಳಗೆ ನುಗ್ಗುವುದರಿಂದ ಆಗುವುದು. ಖಚಿತ ಮಾಡಿಕೊಳ್ಳುವ ಪರೀಕ್ಷೆ: ಡಮ್ಮಿ ಲೋಡಿಗೆ 50 ವಾಟ್ ಕೊಟ್ಟು ಓದಿ, ಆಮೇಲೆ ಆಂಟೆನಾಕ್ಕೆ 50 ವಾಟ್ ಕೊಟ್ಟು ಓದಿ. ಡಿಸಿ ಆಂಪಿಯರ್ ಎರಡರಲ್ಲೂ ಹತ್ತಿರ ಹತ್ತಿರ ಇದ್ದು ಪ್ಲಗ್ ಮೀಟರ್ ಮಾತ್ರ ಬೇರೆ ಹೇಳಿದರೆ ದೋಷ ಆರ್‌ಎಫಿನದ್ದೇ. ಎಂಡ್‌ಫೆಡ್‌ಗೆ ಇದು ಹುಟ್ಟುಗುಣ. ಟ್ರಾನ್ಸ್‌ಫಾರ್ಮರಿಗೆ ಸರಿಯಾದ ಮರುದಾರಿ ಕೊಡದಿದ್ದರೆ ಕೋಆಕ್ಸಿನ ಹೊರಮೈಯೇ ಆಂಟೆನಾದ ಇನ್ನರ್ಧ ಆಗುತ್ತದೆ, ಆ ಕರೆಂಟು ನೇರ ಮೇಜಿಗೆ ಬಂದು ಮನೆಯ ವಯರಿಂಗಿಗೆ ಇಳಿಯುತ್ತದೆ. 31 ನಂಬರ್ ಮಿಕ್ಸಿನ (ಫೆರೈಟಿನ ಒಂದು ಬಗೆ) 2.4 ಇಂಚಿನ ಫೆರೈಟ್ ಬಳೆಗೆ ಕೋಆಕ್ಸ್ ಹತ್ತು ಹನ್ನೆರಡು ಸುತ್ತು ಹಾಕಿ, ಕೋಆಕ್ಸ್ ಮನೆಯೊಳಗೆ ಬರುವ ಜಾಗದಲ್ಲಿ ಕಟ್ಟಿ. ಇನ್ನೊಂದು ಬಳೆ ಎಸ್‌ಎಂಪಿಎಸ್‌ನ ಎಸಿ ವಯರಿಗೆ, ಸಾಧ್ಯವಾದಷ್ಟು ಸುತ್ತು. ಕ್ಲಿಪ್ ಮಾಡುವ ಸಣ್ಣ ಫೆರೈಟ್ ಒಂದನ್ನು ಸುತ್ತಿಲ್ಲದೆ ಸುಮ್ಮನೆ ಕಚ್ಚಿಸಿದರೆ 40 ಮೀಟರ್ ಬ್ಯಾಂಡಿನಲ್ಲಿ ಏನೇನೂ ಸಾಲದು. ಬೇಳದವರು ಹೇಳಿದ ಐಎನ್‌ಎ226ಕ್ಕೂ ಇದೇ ಕಾಟ ಬರುತ್ತದೆ. ಲೋಹದ ಡಬ್ಬಿಯಲ್ಲಿ ಹಾಕಿ, ಶಂಟಿನಿಂದ ಬರುವ ಎರಡು ವಯರನ್ನು ಹೊಸೆದು ತನ್ನಿ.

ನೀರ್ಚಾಲು_ವಯರಿಂಗ್

ಈಗ ನಿಮ್ಮ ಎರಡು ಪ್ರಶ್ನೆಗೂ ಉತ್ತರ ಕಟ್ಟಬಹುದು. ದಿನಕ್ಕೆ 3 ಗಂಟೆ ಸೆಟ್ ನಡೆಸಿ, ಅದರಲ್ಲಿ 20 ನಿಮಿಷ ಎಸ್‌ಎಸ್‌ಬಿ ಮಾತು ಎಂದು ಹಿಡಿಯೋಣ. ಮಾತಿನ ಸರಾಸರಿ 8 ಆಂಪಿಯರ್ ಎಂದು ಲೆಕ್ಕಕ್ಕೆ ಇಟ್ಟಿದ್ದೇನೆ, ನಿಮ್ಮ ಮೀಟರ್ ಹೇಳುವ ಅಂಕಿ ಅಲ್ಲಿ ಹಾಕಿಕೊಳ್ಳಿ. ಎಸಿ ಬದಿಯಲ್ಲಿ ದಿನಕ್ಕೆ 108 ವಾಟ್-ಅವರ್ ಹತ್ತಿರ, ಎರಡು ತಿಂಗಳಿಗೆ ಆರೂವರೆ ಯೂನಿಟ್. ಆದರೆ ಉಳಿದ 21 ಗಂಟೆ ಎಸ್‌ಎಂಪಿಎಸ್ ಸುಮ್ಮನೆ ಆನ್ ಇದ್ದರೆ ಆ 9 ವಾಟೇ ಎರಡು ತಿಂಗಳಿಗೆ 11 ಯೂನಿಟ್ ದಾಟುತ್ತದೆ. ಹ್ಯಾಮ್ ರೇಡಿಯೋ ಕರೆಂಟು ತಿನ್ನುತ್ತದೆ ಎಂದು ಮನೆಯಲ್ಲಿ ಯಾರಾದರೂ ಹೇಳಿದರೆ ತೋರಿಸಬೇಕಾದ್ದು ಎಸ್‌ಎಂಪಿಎಸ್‌ನ ಸ್ವಿಚ್ಚನ್ನು. ಬಿಲ್ಲು ಎರಡು ತಿಂಗಳಿಗೆ 500 ಯೂನಿಟಿನ ಅಂಚಿನಲ್ಲಿರುವ ಮನೆಗಳಿಗೆ ಈ 11 ಸಣ್ಣದಲ್ಲ. ಗೃಹಬಳಕೆಯಲ್ಲಿ ತಿಂಗಳಿಗೆ 250 ದಾಟಿದರೆ ಮೊದಲ ಯೂನಿಟಿನಿಂದಲೇ ಮೇಲಿನ ದರ ಬೀಳುತ್ತದೆ.

ಬ್ಯಾಟರಿಗೆ. ಎರಡು ಸೆಟ್ಟೂ ದಿನಕ್ಕೆ 6 ಗಂಟೆ ಕೇಳಿದರೆ 1.5 ಆಂಪಿಯರಿನಂತೆ 9. ಎಚ್‌ಎಫ್ ಮಾತು 20 ನಿಮಿಷಕ್ಕೆ 2.7, ಎಫ್‌ಎಂ ಮಾತು 15 ನಿಮಿಷಕ್ಕೆ 10 ಆಂಪಿಯರಿನಂತೆ 2.5. ದಿನಕ್ಕೆ 14, ಎರಡು ದಿನಕ್ಕೆ 28 ಆಂಪಿಯರ್-ಅವರ್. ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿಯಾದರೆ ನೂರಕ್ಕೆ 80 ಬಳಸಬಹುದು, 40ರದ್ದು ಸಾಕು. ಲೆಡ್ ಆಸಿಡ್ ಅರ್ಧಕ್ಕಿಂತ ಕೆಳಗೆ ಇಳಿಸಬಾರದು, ಹಾಗಾಗಿ 60ರ ಮೇಲೆ, 75 ಇದ್ದರೆ ನೆಮ್ಮದಿ. ಇದರಲ್ಲಿ ಲ್ಯಾಪ್‌ಟಾಪ್ ಇಲ್ಲ. 30 ವಾಟ್ ಸರಾಸರಿಯ ಲ್ಯಾಪ್‌ಟಾಪನ್ನು 6 ಗಂಟೆ ಕಾರ್ ಚಾರ್ಜರಿನಲ್ಲಿ ನಡೆಸಿದರೆ ಅದೊಂದೇ 15 ಆಂಪಿಯರ್-ಅವರ್, ಎರಡು ರೇಡಿಯೋ ಸೇರಿದ್ದಕ್ಕಿಂತ ಹೆಚ್ಚು. ಅದನ್ನೂ ಅದೇ ಶಂಟಿನ ಮೂಲಕ ಅಳೆಯಿರಿ.

ಮನೆಯ ಇನ್ವರ್ಟರಿನಿಂದ ಎಸ್‌ಎಂಪಿಎಸ್ ನಡೆಸಬೇಡಿ. 12 ವೋಲ್ಟನ್ನು 230 ಮಾಡಿ ಮತ್ತೆ 13.8 ಮಾಡುವಾಗ ಮೂರರಲ್ಲಿ ಒಂದು ಪಾಲು ಶಾಖವಾಗಿ ಹೋಗುತ್ತದೆ, ಚೌಕ ಅಲೆಯ ಇನ್ವರ್ಟರಾದರೆ ರಿಸೀವರಿನಲ್ಲಿ ಗದ್ದಲವೂ ತುಂಬುತ್ತದೆ. ಬ್ಯಾಟರಿಯಿಂದ ನೇರ ಸೆಟ್ಟಿಗೆ ಕೊಡಿ, ಬ್ಯಾಟರಿಯ ಬುಡದಲ್ಲೇ 30 ಆಂಪಿಯರ್ ಫ್ಯೂಸ್ ಇಡಿ. 7300ಕ್ಕೆ 13.8ರ ಮೇಲೆ ಕೆಳಗೆ 15 ಶೇಕಡಾ ಅವಕಾಶ, ಅಂದರೆ ಕೆಳಗಿನ ಮಿತಿ 11.7. ಅರ್ಧ ಇಳಿದ ಲೆಡ್ ಆಸಿಡ್ 21 ಆಂಪಿಯರ್ ಏಟಿಗೆ ಅಲ್ಲಿಗೇ ಬಂದು ನಿಲ್ಲುತ್ತದೆ, ಮಾತಿನ ಮಧ್ಯೆ ಸೆಟ್ ಬಂದ್ ಬೀಳುತ್ತದೆ. ಪವರ್ 50ಕ್ಕೆ ಇಳಿಸಿದರೆ ಬ್ಯಾಟರಿಯಲ್ಲಿ ಬಳಸಬಹುದಾದ ಪಾಲನ್ನೆಲ್ಲ ಬಳಸಬಹುದು.

ಅಳೆಯುವ ಮೀಟರನ್ನು ಹಗಲು ರಾತ್ರಿ ಬಿಟ್ಟು ದಾಖಲೆ ಮಾಡುವ ಯೋಚನೆ ಇದ್ದರೆ ಮೇ ತಿಂಗಳಲ್ಲೂ ತುಲಾ ಮಳೆಯ (ಅಕ್ಟೋಬರ್-ನವೆಂಬರಿನ ಗುಡುಗು ಮಳೆ) ಸಂಜೆಗಳಲ್ಲೂ ಬೇಡ. ಗುಡುಗು ಕೇಳಿದ ಕೂಡಲೇ ಕೋಆಕ್ಸ್ ತೆಗೆದು ಹೊರಗೆ ಹಾಕಬೇಕು, ಎಸ್‌ಎಂಪಿಎಸ್‌ನ ಪ್ಲಗ್ಗೂ ಲ್ಯಾಪ್‌ಟಾಪಿನ ಯುಎಸ್‌ಬಿಯೂ ಬೇರೆ ಮಾಡಬೇಕು. ಒಂದನ್ನು ಬಿಟ್ಟು ಉಳಿದದ್ದು ತೆಗೆದರೆ ಸಿಡಿಲಿಗೆ ಆ ಒಂದು ದಾರಿ ಸಾಕು. ದಾಖಲೆಯಲ್ಲಿ ಬೀಳುವ ಖಾಲಿ ಹೊತ್ತನ್ನು ಬರೆದಿಟ್ಟುಕೊಂಡು, ದಿನದ ಸರಾಸರಿ ತೆಗೆಯುವಾಗ ಒಟ್ಟು ಹೊತ್ತಿನಿಂದ ಅದನ್ನು ಕಳೆಯಿರಿ.